ಒಗಟು ಬಿಡಿಸಿದವರಿಗೆ ಉದ್ಯೋಗ

ಅಮೆರಿಕದ ಮಿಸೌರಿ ರಾಜ್ಯದ ರೈತ ಕುಟುಂಬದಲ್ಲಿ ಹುಟ್ಟಿ, ಗಣಿತದಲ್ಲಿ ಪದವಿ ಪಡೆದಿದ್ದ ಬೆಟ್ಟಿ ಜೀನ್ ಜೆನಿಂಗ್ಸ್ ಎಂಬ ಯುವತಿ 1945ರಲ್ಲಿ ಒಂದು ಸಂದರ್ಶನಕ್ಕೆ ಹಾಜರಾದರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಸೇನೆಗಾಗಿ ಗುಟ್ಟಾಗಿ ನಿರ್ಮಾಣವಾಗುತ್ತಿದ್ದ ಒಂದು ಯಂತ್ರವನ್ನು ನಡೆಸಲು ಜನ ಬೇಕಾಗಿದ್ದರು. ಸಂದರ್ಶನ ನಡೆಸಿದ ಗಣಿತಜ್ಞ ಹರ್ಮನ್ ಗೋಲ್ಡ್‌ಸ್ಟೈನ್ ಕೇಳಿದ್ದು ಇಷ್ಟು: ವಿದ್ಯುತ್ತಿನ ಬಗ್ಗೆ ನಿಮ್ಮ ಅಭಿಪ್ರಾಯವೇನು? ಜೆನಿಂಗ್ಸ್ ಕಾಲೇಜಿನಲ್ಲಿ ಕಲಿತಿದ್ದ ಓಮ್‌ನ ನಿಯಮವನ್ನು ಒಪ್ಪಿಸತೊಡಗಿದರು. ಅದಲ್ಲ, ವಿದ್ಯುತ್ ಎಂದರೆ ನಿಮಗೆ ಹೆದರಿಕೆಯೇ ಎಂದು ಗೋಲ್ಡ್‌ಸ್ಟೈನ್ ತಿದ್ದಿ ಕೇಳಿದರು. ಹೆದರಿಕೆ ಇಲ್ಲವೆಂದು ಜೆನಿಂಗ್ಸ್ ಹೇಳಿದರು. ಕೊನೆಗೆ ಕೆಲಸವೂ ಸಿಕ್ಕಿತು.

ಆ ಯಂತ್ರವೇ ಎನಿಯಾಕ್. ಸುಮಾರು 18,000 ನಿರ್ವಾತ ನಳಿಗೆಗಳಿದ್ದ, ಒಂದು ದೊಡ್ಡ ಕೋಣೆಯನ್ನೇ ತುಂಬಿದ್ದ ಗಣಕಯಂತ್ರ. ಅದಕ್ಕೆ ಲೆಕ್ಕ ಒಪ್ಪಿಸಬೇಕಾದರೆ ವೈರುಗಳನ್ನು ಕಿತ್ತು ಬೇರೆ ಕಡೆ ಸಿಕ್ಕಿಸಬೇಕಿತ್ತು, ಸ್ವಿಚ್ಚುಗಳನ್ನು ತಿರುಗಿಸಬೇಕಿತ್ತು. ಆದ್ದರಿಂದ ಗೋಲ್ಡ್‌ಸ್ಟೈನರ ಪ್ರಶ್ನೆ ಇಂದು ಬಾಲಿಶವಾಗಿ ಕಂಡರೂ ಮಾಡಬೇಕಾದ ಕೆಲಸಕ್ಕೆ ನೇರವಾಗಿ ಸಂಬಂಧಿಸಿತ್ತು. ಜೆನಿಂಗ್ಸ್ ಮತ್ತು ಅವರ ಐವರು ಸಹೋದ್ಯೋಗಿಗಳು, ಆರೂ ಮಂದಿ ಮಹಿಳೆಯರೇ, ಜಗತ್ತಿನ ಮೊದಲ ಪ್ರೋಗ್ರಾಮರುಗಳ ಸಾಲಿಗೆ ಸೇರಿದವರು. ಜೀನ್ ಬಾರ್ಟಿಕ್ ಎಂಬ ವಿವಾಹಾನಂತರದ ಹೆಸರಿನಿಂದ ಜೆನಿಂಗ್ಸ್ ಮುಂದೆ ಪ್ರಸಿದ್ಧರಾದರು.

ಇಂದು ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡವೊಂದರಲ್ಲೋ, ಮನೆಯಲ್ಲಿ ಕಂಪ್ಯೂಟರಿನ ಕ್ಯಾಮೆರಾ ಎದುರಿಗೋ ಸಂದರ್ಶನಕ್ಕೆ ಕೂರುವ ತಂತ್ರಾಂಶ ಅಭ್ಯರ್ಥಿಯ ಅನುಭವ ಬೇರೆ. ಮೊದಲು ಆನ್‌ಲೈನ್ ಪರೀಕ್ಷೆ. ಪಾರಾದರೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗಿನ ಮೂರು, ನಾಲ್ಕು, ಕೆಲವೊಮ್ಮೆ ಐದು ಸುತ್ತು. ಪ್ರತಿ ಸುತ್ತಿನಲ್ಲೂ ಒಂದೆರಡು ಸಮಸ್ಯೆ. ಸಂದರ್ಶಕರು ನೋಡುತ್ತಿರುವಂತೆಯೇ, ಯೋಚಿಸುತ್ತಿರುವುದನ್ನು ಬಾಯಿಬಿಟ್ಟು ಹೇಳುತ್ತಲೇ, ಅದನ್ನು ಬಿಡಿಸಬೇಕು. ಹತ್ತು ವರ್ಷ ಅನುಭವವಿದ್ದವರಿಗೂ ಇದರಿಂದ ವಿನಾಯಿತಿ ಇಲ್ಲ. ಹತ್ತಾರು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನು ಹೊಸ ಆಸ್ಪತ್ರೆಯವರು ಮೊದಲ ವರ್ಷದ ಅಂಗರಚನೆಯ ಪ್ರಶ್ನೆ ಕೇಳಿ ಅಳೆಯುವುದಿಲ್ಲ. ವಕೀಲರಿಗೂ ಹಾಗಿಲ್ಲ. ಈ ಒಂದು ವೃತ್ತಿಗೆ ಮಾತ್ರ ಈ ಪದ್ಧತಿ ಹೇಗೆ ಅಂಟಿಕೊಂಡಿತು?

ಉತ್ತರ 1950ರ ದಶಕದಲ್ಲಿದೆ. ಪ್ರೋಗ್ರಾಮರ್ ಎಂದರೆ ಎಂತಹವನಾಗಿರಬೇಕು ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ತಿಳಿಯದಿದ್ದವರು ಒಗಟಿನ ಮೊರೆ ಹೊಕ್ಕರು.

ಹಾಗೆಂದು ಒಗಟು ಕೊಟ್ಟು ಆಳು ಆರಿಸುವ ಚಾಳಿ ಅದಕ್ಕೂ ಹಳೆಯದು. ವಿದ್ಯುದ್ದೀಪದ ಥಾಮಸ್ ಎಡಿಸನ್ ತಮ್ಮ ಸಂಸ್ಥೆಗೆ ಸೇರಬಯಸಿದ ಪದವೀಧರರಿಗೆ ನೂರಕ್ಕೂ ಹೆಚ್ಚು ಪ್ರಶ್ನೆಗಳ ಪಟ್ಟಿಯೊಂದನ್ನು ಕೊಡುತ್ತಿದ್ದರು. ಬಹುಪಾಲು ಮಂದಿ ಅದರಲ್ಲಿ ನಪಾಸಾಗುತ್ತಿದ್ದರು. 1921ರಲ್ಲಿ ಈ ಪ್ರಶ್ನೆಗಳು ಪತ್ರಿಕೆಗಳಲ್ಲಿ ಬಯಲಾದವು. ಆಗ ಅಮೆರಿಕ ಪ್ರವಾಸದಲ್ಲಿದ್ದ ಆಲ್ಬರ್ಟ್ ಐನ್‌ಸ್ಟೈನರಿಗೆ ಅದರಲ್ಲಿನ ಒಂದು ಪ್ರಶ್ನೆ ಹಾಕಲಾಯಿತು: ಶಬ್ದದ ವೇಗವೆಷ್ಟು? ಪುಸ್ತಕದಲ್ಲಿ ಸಿಗುವಂಥದನ್ನು ತಲೆಯಲ್ಲಿ ಹೊತ್ತು ತಿರುಗುವುದಿಲ್ಲ ಎಂಬರ್ಥದ ಉತ್ತರ ಅವರಿಂದ ಬಂತು. ಎಡಿಸನ್ ಕಂಪನಿಯಲ್ಲಿ ಅವರಿಗೆ ಕೆಲಸ ಸಿಗುತ್ತಿರಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರ ಜನವರಿಯಲ್ಲಿ, ಲಂಡನ್ನಿನ ಡೈಲಿ ಟೆಲಿಗ್ರಾಫ್ ಪತ್ರಿಕೆ ಏರ್ಪಡಿಸಿದ್ದ ಪದಬಂಧ ಸ್ಪರ್ಧೆಯಲ್ಲಿ ಹನ್ನೆರಡು ನಿಮಿಷದೊಳಗೆ ಪದಬಂಧ ತುಂಬುವವರನ್ನು ಹುಡುಕಲಾಯಿತು. ಭಾಗವಹಿಸಿದ್ದ ಕೆಲವರಿಗೆ ಆಮೇಲೆ ಸರ್ಕಾರದ ಕರೆ ಬಂತು. ಅವರನ್ನು ಶತ್ರುವಿನ ಸಂಕೇತಗಳನ್ನು ಒಡೆಯುವ ಕೆಲಸಕ್ಕೆ ಹಚ್ಚಲಾಯಿತು. ಅಲ್ಲಿ ಪದಬಂಧಕ್ಕೂ ಕೆಲಸಕ್ಕೂ ಒಂದಿಷ್ಟು ಹೋಲಿಕೆಯಾದರೂ ಇತ್ತು.

ಏಳು ಲಕ್ಷ ಮಂದಿಯ ಪರೀಕ್ಷೆ

ಯುದ್ಧಾನಂತರ ಅಮೆರಿಕ ತನ್ನ ಆಕಾಶವನ್ನು ಕಾಯಲು ಸೇಜ್ ಎಂಬ ಭಾರಿ ರಕ್ಷಣಾ ಜಾಲವನ್ನು ಕಟ್ಟತೊಡಗಿತು. ರೇಡಾರುಗಳಿಂದ ಬರುವ ಮಾಹಿತಿಯನ್ನು ಗಣಕಯಂತ್ರಗಳು ಜೋಡಿಸಿ ನೋಡಬೇಕು. ಅದಕ್ಕೆ ಬೇಕಾದ ಪ್ರೋಗ್ರಾಮರುಗಳ ಸಂಖ್ಯೆ ಇಡೀ ದೇಶದಲ್ಲಿ ಇದ್ದವರಿಗಿಂತ ಹೆಚ್ಚು. ಕಂಪ್ಯೂಟರ್ ವಿಜ್ಞಾನವೆಂಬ ಪದವಿಯೇ ಆಗ ಇರಲಿಲ್ಲ. ಸಂಗೀತ ಕಲಿಸುತ್ತಿದ್ದವರು, ಶಾಲಾ ಶಿಕ್ಷಕರು, ಗುಮಾಸ್ತರು ಎಲ್ಲರೂ ಅರ್ಜಿ ಹಾಕಬಹುದಿತ್ತು. ಸಿಸ್ಟಂ ಡೆವಲಪ್‌ಮೆಂಟ್ ಕಾರ್ಪೊರೇಷನ್ ಎಂಬ ಸಂಸ್ಥೆ ಸಾವಿರಾರು ಜನರನ್ನು ಹೀಗೆ ಆರಿಸಿ ತರಬೇತಿ ಕೊಟ್ಟಿತು. ಆದರೆ ಯಾರನ್ನು ಆರಿಸುವುದು, ಯಾರನ್ನು ಬಿಡುವುದು? ಕೆಲಸವೇ ಹೊಸದಾದ್ದರಿಂದ ಕೆಲಸದ ಅನುಭವ ಕೇಳುವಂತಿರಲಿಲ್ಲ.

ಈ ಕೊರತೆಗೆ ಐಬಿಎಂ ಕಂಪನಿ 1955ರ ಸುಮಾರಿಗೆ ಸಿದ್ಧಪಡಿಸಿದ ಔಷಧವೇ ಪ್ರೋಗ್ರಾಮರ್ ಆಪ್ಟಿಟ್ಯೂಡ್ ಟೆಸ್ಟ್. ಚಿಕ್ಕದಾಗಿ ಪ್ಯಾಟ್. ಇದರಲ್ಲಿ ಮೂರು ಭಾಗಗಳಿದ್ದವು: ಸಂಖ್ಯಾ ಸರಣಿಯಲ್ಲಿ ಮುಂದಿನ ಸಂಖ್ಯೆ ಹೇಳುವುದು, ಆಕೃತಿಗಳ ನಡುವಿನ ಹೋಲಿಕೆ ಗುರುತಿಸುವುದು, ಅಂಕಗಣಿತದ ವ್ಯಾವಹಾರಿಕ ಸಮಸ್ಯೆ ಬಿಡಿಸುವುದು. ಮೂರು, ಆರು, ಹನ್ನೊಂದು, ಹದಿನೆಂಟು, ಮುಂದೇನು ಎಂಬ ಬಗೆಯವು. ಬ್ಯಾಂಕ್ ಪರೀಕ್ಷೆಗೋ ರೈಲ್ವೆ ಪರೀಕ್ಷೆಗೋ ಕೂತ ಯಾರಿಗಾದರೂ ಪರಿಚಿತವಾದ ಸರಕು.

ಈ ಪರೀಕ್ಷೆ ಎಷ್ಟು ಬೇಗ ಹಬ್ಬಿತೆಂದರೆ 1967ರ ಒಂದೇ ವರ್ಷದಲ್ಲಿ ಏಳು ಲಕ್ಷ ಜನ ಪ್ಯಾಟ್‌ಗೆ ಕೂತರೆಂದು ಈ ಉದ್ಯಮದ ಇತಿಹಾಸಕಾರ ನೇಥನ್ ಎನ್ಸ್‌ಮೆಂಗರ್ ದಾಖಲಿಸಿದ್ದಾರೆ. ಪ್ರಶ್ನೆಪತ್ರಿಕೆಯ ಕಳ್ಳ ಪ್ರತಿಗಳೂ ಕಾಲೇಜು ಗೆಳೆಯರ ಕೂಟಗಳಲ್ಲಿ, ಗಂಡಸರ ಕ್ಲಬ್ಬುಗಳಲ್ಲಿ ಓಡಾಡುತ್ತಿದ್ದವು. ಆ ಕ್ಲಬ್ಬುಗಳಿಗೆ ಪ್ರವೇಶವಿಲ್ಲದ ಹೆಣ್ಣುಮಕ್ಕಳಿಗೆ ಪ್ರತಿಯೂ ಸಿಗುತ್ತಿರಲಿಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದವರು ಒಳ್ಳೆಯ ಪ್ರೋಗ್ರಾಮರುಗಳಾದರೇ? ಕೇಳಬೇಕಾದ ಮೊದಲ ಪ್ರಶ್ನೆ ಇದು. ರ‍್ಯಾಂಡ್ ಕಾರ್ಪೊರೇಷನ್ನಿನ ರಾಬರ್ಟ್ ರೈನ್‌ಸ್ಟೆಟ್ 1960ರ ದಶಕದ ಮಧ್ಯದಲ್ಲಿ ಇದನ್ನು ಪರಿಶೀಲಿಸಿದಾಗ ಪರೀಕ್ಷೆಯ ಅಂಕಕ್ಕೂ ಮೇಲಧಿಕಾರಿಗಳು ಕೆಲಸಕ್ಕೆ ಕೊಟ್ಟ ಅಂಕಕ್ಕೂ ನಂಬುವಂಥ ನಂಟು ಕಾಣಲಿಲ್ಲ. ಆದರೂ ಪರೀಕ್ಷೆ ನಿಲ್ಲಲಿಲ್ಲ. ಸಾವಿರ ಅರ್ಜಿ ಬಂದಾಗ ಒಂಬೈನೂರನ್ನು ಬದಿಗಿಡಲು ಏನೋ ಒಂದು ಬೇಕಲ್ಲ?

1966ರಲ್ಲಿ ವಿಲಿಯಂ ಕ್ಯಾನನ್ ಮತ್ತು ಡಾಲಿಸ್ ಪೆರಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಅವರು 1,378 ಪ್ರೋಗ್ರಾಮರುಗಳ ಒಲವುಗಳನ್ನು ಅಧ್ಯಯನ ಮಾಡಿದರು. ಅವರಲ್ಲಿ ಮಹಿಳೆಯರು 186 ಮಂದಿ ಮಾತ್ರ. ಸಿಕ್ಕ ಫಲಿತಾಂಶ ಎರಡು: ಪ್ರೋಗ್ರಾಮರುಗಳಿಗೆ ಒಗಟು ಬಿಡಿಸುವುದೆಂದರೆ ಇಷ್ಟ, ಜನರ ಸಹವಾಸ ಅಷ್ಟಕ್ಕಷ್ಟೆ. ಆಗ ಕೆಲಸದಲ್ಲಿದ್ದವರ ಸ್ವಭಾವವನ್ನು ವರ್ಣಿಸಿದ ಈ ಚಿತ್ರ ಮುಂದೆ ಕೆಲಸಕ್ಕೆ ಬೇಕಾದವರ ಅಳತೆಗೋಲಾಯಿತು. ಒಂಟಿಯಾಗಿ ಕೂತು ತಲೆ ಕೆರೆದುಕೊಳ್ಳುವ ಗಂಡಸಿನ ಚಿತ್ರ ಹೀಗೆ ಗಟ್ಟಿಯಾಯಿತು. ಎನಿಯಾಕ್‌ನ ಆರು ಮಹಿಳೆಯರಿಂದ ಆರಂಭವಾದ ವೃತ್ತಿ ಹೆಂಗಸರಿಂದ ದೂರವಾದದ್ದಕ್ಕೆ ಇದೊಂದೇ ಕಾರಣವಲ್ಲ. ಆದರೆ ಜರಡಿಯ ಕಣ್ಣು ಯಾವ ಆಕಾರದಲ್ಲಿದೆ ಎಂಬುದರ ಮೇಲೆ ಕೆಳಗೆ ಬೀಳುವ ಕಾಳು ನಿರ್ಧಾರವಾಗುತ್ತದೆ ಎಂಬುದನ್ನು ಆಗ ಹೆಚ್ಚು ಜನ ಯೋಚಿಸಲಿಲ್ಲ.

ನಿಲ್ಲುಗಡಿಯಾರ ಹಿಡಿದ ವಿಜ್ಞಾನಿ

ಕಾಗದದ ಮೇಲಿನ ಒಗಟು ಎದುರುಬದುರು ಕೂತು ಕೇಳುವ ಒಗಟಾಗಿ ಬದಲಾದ ಬಗೆಗೆ ಕ್ಯಾಲಿಫೋರ್ನಿಯಾದ ಒಂದು ಕಥೆಯನ್ನು ಬರಹಗಾರ ವಿಲಿಯಂ ಪೌಂಡ್‌ಸ್ಟೋನ್ ಹೇಳುತ್ತಾರೆ. ಟ್ರಾನ್ಸಿಸ್ಟರ್ ಸಂಶೋಧನೆಗಾಗಿ ನೊಬೆಲ್ ಪಡೆದ ವಿಲಿಯಂ ಶಾಕ್ಲಿ 1957ರಲ್ಲಿ ತಮ್ಮ ಅರೆವಾಹಕ ಕಂಪನಿಗೆ ಜನರನ್ನು ಆರಿಸುತ್ತಿದ್ದರು. ಕೈಯಲ್ಲಿ ನಿಲ್ಲುಗಡಿಯಾರ. ಜೇಮ್ಸ್ ಗಿಬ್ಬನ್ಸ್ ಎಂಬ ಯುವಕನಿಗೆ ಅವರು ಹಾಕಿದ ಲೆಕ್ಕ ಹೀಗಿತ್ತು: ಒಂದು ಟೆನಿಸ್ ಪಂದ್ಯಾವಳಿಯಲ್ಲಿ 127 ಆಟಗಾರರಿದ್ದಾರೆ, ಸೋತವರು ಹೊರಗೆ, ವಿಜೇತ ಯಾರೆಂದು ತಿಳಿಯಲು ಒಟ್ಟು ಎಷ್ಟು ಪಂದ್ಯ ಆಡಬೇಕು? ಮೊದಲ ಸುತ್ತಿನಲ್ಲಿ 63, ಮುಂದಿನದರಲ್ಲಿ 32 ಎಂದು ಕೂಡಿಸುತ್ತ ಹೋಗಬಹುದು. ಗಿಬ್ಬನ್ಸ್ ಕ್ಷಣದಲ್ಲೇ 126 ಎಂದರು. ಪ್ರತಿ ಪಂದ್ಯದಲ್ಲೂ ಒಬ್ಬರು ಹೊರಬೀಳುತ್ತಾರೆ. ಹೊರಬೀಳಬೇಕಾದವರು 126 ಮಂದಿ. ಅಷ್ಟೇ ಪಂದ್ಯ.

ಉತ್ತರ ಇಷ್ಟು ಬೇಗ ಬಂದದ್ದು ಶಾಕ್ಲಿಯವರಿಗೆ ಹಿಡಿಸಲಿಲ್ಲ. ಈ ಲೆಕ್ಕ ಮೊದಲೇ ಕೇಳಿದ್ದೆಯಾ ಎಂದು ಅನುಮಾನಪಟ್ಟರು. ಮುಂದಿನ ಒಗಟಿಗೆ ಗಿಬ್ಬನ್ಸ್ ತಡವರಿಸಿ ಹೆಚ್ಚು ಸಮಯ ತೆಗೆದುಕೊಂಡಾಗಲೇ ಅವರ ಮುಖ ಸಡಿಲವಾದದ್ದಂತೆ. ಗಿಬ್ಬನ್ಸ್ ಮುಂದೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಾದರು. ಶಾಕ್ಲಿ ಹೀಗೆ ಅಳೆದು ಸುರಿದು ಆರಿಸಿದ್ದ ಪ್ರತಿಭಾವಂತರಲ್ಲಿ ಎಂಟು ಜನ ಅದೇ ವರ್ಷ ಅವರ ವರ್ತನೆಗೆ ಬೇಸತ್ತು ಒಟ್ಟಿಗೆ ರಾಜೀನಾಮೆ ಕೊಟ್ಟು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಸ್ಥಾಪಿಸಿದರು. ಸಂದರ್ಶಕರ ಯೋಗ್ಯತೆ ಅಳೆಯಲು ಅಭ್ಯರ್ಥಿಗಳ ಕೈಯಲ್ಲಿ ಗಡಿಯಾರವಿರಲಿಲ್ಲ.

1980-90ರ ದಶಕಗಳಲ್ಲಿ ಈ ಒಗಟುಗಳಿಗೆ ಜಗತ್ಪ್ರಸಿದ್ಧಿ ತಂದುಕೊಟ್ಟದ್ದು ಮೈಕ್ರೊಸಾಫ್ಟ್. ರಸ್ತೆಯ ಮ್ಯಾನ್‌ಹೋಲ್ ಮುಚ್ಚಳ ಏಕೆ ದುಂಡಗಿರುತ್ತದೆ? ಜಪಾನಿನ ಫುಜಿ ಪರ್ವತವನ್ನು ಹೇಗೆ ಸರಿಸುತ್ತೀರಿ? ದುಂಡು ಮುಚ್ಚಳವನ್ನು ಎತ್ತ ತಿರುಗಿಸಿದರೂ ಅದರ ಅಗಲ ಒಂದೇ, ಆದ್ದರಿಂದ ಅದು ಗುಂಡಿಯೊಳಗೆ ಬೀಳದು ಎಂಬುದು ನಿರೀಕ್ಷಿತ ಉತ್ತರ. ನಮ್ಮ ಊರುಗಳಲ್ಲಿ ಚೌಕಾಕಾರದ ಕಾಂಕ್ರೀಟ್ ಚಪ್ಪಡಿಯೇ ಹೆಚ್ಚು, ಕೆಲವು ಕಡೆ ಅದೂ ಇಲ್ಲ. ಈ ಪ್ರಶ್ನೆಯನ್ನು ಮೊದಲ ಬಾರಿ ಕೇಳಿದ ಇಲ್ಲಿನ ಅಭ್ಯರ್ಥಿಗೆ ಗೊಂದಲವಾಗಿದ್ದರೆ ತಪ್ಪು ಯಾರದು?

ಗೂಗಲ್ ಕಂಪನಿ 2004ರಲ್ಲಿ ಕ್ಯಾಲಿಫೋರ್ನಿಯಾದ ಹೆದ್ದಾರಿಯಲ್ಲಿ ಕಂಪನಿಯ ಹೆಸರೇ ಇಲ್ಲದ ಒಂದು ಫಲಕ ಹಾಕಿಸಿತು. ಗಣಿತದಲ್ಲಿ ‘ಇ’ ಎಂದು ಕರೆಯುವ ಸ್ಥಿರಾಂಕದ ಅಂಕಿಗಳ ಸಾಲಿನಲ್ಲಿ ಮೊದಲು ಸಿಗುವ ಹತ್ತಂಕಿಯ ಅವಿಭಾಜ್ಯ ಸಂಖ್ಯೆ ಯಾವುದು ಎಂಬುದಷ್ಟೇ ಅದರ ಒಕ್ಕಣೆ. 7427466391 ಎಂಬ ಉತ್ತರ ಕಂಡುಹಿಡಿದವರಿಗೆ ಮತ್ತೊಂದು ಒಗಟು. ಅದನ್ನೂ ದಾಟಿದವರಿಗೆ ಅರ್ಜಿ ಹಾಕುವ ಆಹ್ವಾನ. ಇಷ್ಟೆಲ್ಲ ಆದ ಮೇಲೆ 2013ರಲ್ಲಿ ಅದೇ ಕಂಪನಿಯ ಮಾನವ ಸಂಪನ್ಮೂಲ ಮುಖ್ಯಸ್ಥ ಲಾಸ್ಲೊ ಬಾಕ್ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ, ಇಂಥ ಮೆದುಳಿನ ಕಸರತ್ತು ಶುದ್ಧ ಕಾಲಹರಣ, ಇದರಿಂದ ಕೇಳುವವರಿಗೆ ತಾವು ಜಾಣರೆನಿಸುತ್ತದೆಯೇ ಹೊರತು ಬೇರೇನೂ ತಿಳಿಯುವುದಿಲ್ಲ ಎಂಬರ್ಥದ ಮಾತು ಹೇಳಿದರು. ಫುಜಿ ಪರ್ವತದ ಕಾಲ ಬಹುಮಟ್ಟಿಗೆ ಮುಗಿಯಿತು.

ಆದರೆ ಒಗಟು ಹೋಗಲಿಲ್ಲ, ವೇಷ ಬದಲಿಸಿತು. ಈಗಿನ ಪ್ರಶ್ನೆಗಳ ಒಂದು ಮಾದರಿ ನೋಡಬಹುದು. ಕಿರಾಣಿ ಅಂಗಡಿಯೊಂದರ ಲೆಕ್ಕದ ಪುಸ್ತಕದಲ್ಲಿ 10,000 ಮೊತ್ತಗಳಿವೆ. ಕೂಡಿದರೆ ಸರಿಯಾಗಿ 500 ರೂಪಾಯಿ ಆಗುವ ಎರಡು ಮೊತ್ತಗಳನ್ನು ಹುಡುಕಬೇಕು. ಪ್ರತಿಯೊಂದನ್ನೂ ಉಳಿದ ಎಲ್ಲದರೊಂದಿಗೆ ಕೂಡಿ ನೋಡುತ್ತ ಹೋದರೆ ಸುಮಾರು ಐದು ಕೋಟಿ ಸಲ ಕೂಡಬೇಕಾಗುತ್ತದೆ. ಬದಲಿಗೆ ಪಕ್ಕದಲ್ಲೊಂದು ಟಿಪ್ಪಣಿ ಪುಸ್ತಕ ಇಟ್ಟುಕೊಂಡು, 180 ರೂಪಾಯಿ ಕಂಡಾಗ 320 ಈಗಾಗಲೇ ಬಂದಿದೆಯೇ ಎಂದು ನೋಡಿ, ಬಂದಿಲ್ಲದಿದ್ದರೆ 180 ಅನ್ನು ಬರೆದಿಟ್ಟು ಮುಂದೆ ಸಾಗಿದರೆ ಹತ್ತು ಸಾವಿರ ಹೆಜ್ಜೆಯಲ್ಲಿ ಕೆಲಸ ಮುಗಿಯುತ್ತದೆ. ಬೇಕಾದ ಸಂಖ್ಯೆ ಇರುವ ಪುಟವನ್ನು ತಕ್ಷಣ ತೆರೆಯಬಲ್ಲ ಇಂಥ ಟಿಪ್ಪಣಿ ಪುಸ್ತಕಕ್ಕೆ ಗಣಕ ಭಾಷೆಯಲ್ಲಿ ಹ್ಯಾಷ್ ಟೇಬಲ್ ಎನ್ನುತ್ತಾರೆ.

ಫುಜಿ ಪರ್ವತಕ್ಕೆ ಹೋಲಿಸಿದರೆ ಇದು ವೃತ್ತಿಗೆ ಹತ್ತಿರದ ಪ್ರಶ್ನೆ ಎಂಬುದರಲ್ಲಿ ಅನುಮಾನವಿಲ್ಲ. ತೊಡಕಿರುವುದು ಬೇರೆ ಕಡೆ. ಈ ಜಾಣ್ಮೆ ಹೊಳೆಯಬೇಕಾದದ್ದು ಇಪ್ಪತ್ತು ನಿಮಿಷದಲ್ಲಿ. ಮೊದಲೇ ಅಭ್ಯಾಸ ಮಾಡಿದವರಿಗೆ ಅದು ನೆನಪು, ಮಾಡದವರಿಗೆ ಸಂಶೋಧನೆ. ಇಬ್ಬರ ನಡುವಿನ ವ್ಯತ್ಯಾಸ ಸಂದರ್ಶಕರಿಗೆ ಕಾಣುವುದಿಲ್ಲ. ಶಾಕ್ಲಿಯವರಿಗೆ ಹುಟ್ಟಿದ ಅನುಮಾನವೂ ಇದೇ ಆಗಿತ್ತು. ಮೊದಲೇ ಅಭ್ಯಾಸ ಮಾಡಿಸುವುದೇ ಒಂದು ಉದ್ಯಮವಾಗಲು ತಡವಾಗಲಿಲ್ಲ. ಸಂದರ್ಶನದ ಪ್ರಶ್ನೆಗಳನ್ನೇ ಕಲೆಹಾಕಿದ ಗೇಲ್ ಲಾಕ್‌ಮನ್ ಮೆಕ್‌ಡವೆಲ್ ಅವರ ‘ಕ್ರ್ಯಾಕಿಂಗ್ ದಿ ಕೋಡಿಂಗ್ ಇಂಟರ್‌ವ್ಯೂ’ 2008ರಲ್ಲಿ ಬಂದ ಮೇಲೆ ಅಭ್ಯರ್ಥಿಗಳ ಪಠ್ಯಪುಸ್ತಕವೇ ಆಯಿತು. ಕೆಲಸದಲ್ಲಿರುವವರೂ ಕೆಲಸ ಬದಲಿಸಬೇಕೆಂದರೆ ರಾತ್ರಿ ಊಟದ ನಂತರ ಎರಡು ಮೂರು ತಿಂಗಳು ಸಮಸ್ಯೆ ಬಿಡಿಸುತ್ತ ಕೂರುವುದು ಸಾಮಾನ್ಯವಾಗಿದೆ. ಮನೆಯಲ್ಲಿ ಚಿಕ್ಕ ಮಕ್ಕಳಿರುವ ತಾಯಂದಿರಿಗೆ ಆ ಎರಡು ಗಂಟೆ ಎಲ್ಲಿಂದ ಬರಬೇಕು?

ಈ ಅಸಮಾಧಾನಕ್ಕೆ 2015ರಲ್ಲಿ ಒಂದು ಪ್ರಸಿದ್ಧ ಮುಖ ಸಿಕ್ಕಿತು. ಆಪಲ್ ಗಣಕಗಳಿಗೆ ತಂತ್ರಾಂಶ ತುಂಬಿಸಲು ಜಗತ್ತಿನಾದ್ಯಂತ ಬಳಕೆಯಲ್ಲಿರುವ ‘ಹೋಮ್‌ಬ್ರೂ’ ರಚಿಸಿದ ಮ್ಯಾಕ್ಸ್ ಹೋವೆಲ್ ಗೂಗಲ್ ಸಂದರ್ಶನದಲ್ಲಿ ತಿರಸ್ಕೃತರಾದರು. ಗೂಗಲ್‌ನ ಎಂಜಿನಿಯರುಗಳಲ್ಲಿ ಬಹುಪಾಲು ಮಂದಿ ತನ್ನ ತಂತ್ರಾಂಶವನ್ನೇ ಬಳಸುತ್ತಾರೆ, ಆದರೂ ಬಿಳಿ ಹಲಗೆಯ ಮೇಲೆ ‘ಬೈನರಿ ಟ್ರೀ’ ತಿರುಗಿಸಲು ಬಾರದ್ದಕ್ಕೆ ತನ್ನನ್ನು ಬಿಟ್ಟರು ಎಂದು ಅವರು ಟ್ವಿಟರಿನಲ್ಲಿ ಹೇಳಿಕೊಂಡರು. ಬೈನರಿ ಟ್ರೀ ಎಂದರೆ ಪ್ರತಿ ಕವಲಿನಲ್ಲೂ ಹೆಚ್ಚೆಂದರೆ ಎರಡೇ ಮಕ್ಕಳಿರುವ ವಂಶವೃಕ್ಷ ಎಂದಿಟ್ಟುಕೊಳ್ಳಬಹುದು. ಎಡದವರನ್ನು ಬಲಕ್ಕೆ, ಬಲದವರನ್ನು ಎಡಕ್ಕೆ ಮಾಡಬೇಕು. ತನಗೆ ಕಂಪ್ಯೂಟರ್ ವಿಜ್ಞಾನದ ಪಾಠ ಅಷ್ಟಾಗಿ ಗೊತ್ತಿಲ್ಲವೆಂಬುದನ್ನು ಹೋವೆಲ್ ನಂತರ ಒಪ್ಪಿಕೊಂಡರು. ಆದರೆ ಜನಕ್ಕೆ ಬೇಕಾದದ್ದನ್ನು ಕಟ್ಟಿಕೊಡಬಲ್ಲೆ ಎಂಬುದನ್ನು ಬಿಟ್ಟುಕೊಡಲಿಲ್ಲ. ವಾದದಲ್ಲಿ ಎರಡೂ ಕಡೆ ಹುರುಳಿತ್ತು.

ಶಕುಂತಲಾದೇವಿಯವರ ಪುಸ್ತಕ

ಭಾರತಕ್ಕೆ ಈ ಪದ್ಧತಿ ಬಂದಾಗ ಅದಕ್ಕೆ ಇನ್ನೊಂದು ಅರ್ಥವೂ ಸೇರಿಕೊಂಡಿತು. 1970-80ರ ದಶಕಗಳಲ್ಲಿ ಇಲ್ಲಿ ನೌಕರಿಯೆಂದರೆ ಶಿಫಾರಸು, ವಶೀಲಿ, ಗೊತ್ತಿದ್ದವರ ಚೀಟಿ. ಆಗ ಹೊಸದಾಗಿ ಎದ್ದು ನಿಂತ ತಂತ್ರಾಂಶ ಕಂಪನಿಗಳು ಒಂದು ಪರೀಕ್ಷೆ ಇಟ್ಟು, ಪಾಸಾದವರ ಪಟ್ಟಿಯನ್ನು ಕಾಲೇಜಿನ ಸೂಚನಾ ಫಲಕದಲ್ಲಿ ಅಂಟಿಸಿದಾಗ ಗುಮಾಸ್ತರ, ಶಾಲಾ ಮಾಸ್ತರರ, ಸಣ್ಣ ರೈತರ ಮಕ್ಕಳಿಗೆ ಅದೊಂದು ದೊಡ್ಡ ಬಿಡುಗಡೆಯಾಗಿ ಕಂಡಿತು. ಒಗಟಿಗೆ ಯಾರ ಮಗನೆಂಬುದು ತಿಳಿಯದು. ಪದ್ಧತಿಯನ್ನು ಟೀಕಿಸುವಾಗ ಈ ಮಾತನ್ನು ಮರೆಯುವಂತಿಲ್ಲ.

1981ರಲ್ಲಿ ಪುಣೆಯಲ್ಲಿ ಆರಂಭವಾಗಿ 1983ರಲ್ಲಿ ಬೆಂಗಳೂರಿಗೆ ಬಂದ ಇನ್ಫೊಸಿಸ್ ಇದಕ್ಕೆ ಒಂದು ಸಿದ್ಧಾಂತವನ್ನೇ ಕಟ್ಟಿತು. ಅಭ್ಯರ್ಥಿ ಏನು ಕಲಿತಿದ್ದಾನೆ ಎಂಬುದಕ್ಕಿಂತ ಏನನ್ನು ಕಲಿಯಬಲ್ಲ ಎಂಬುದು ಮುಖ್ಯ ಎಂದು ಎನ್.ಆರ್. ನಾರಾಯಣ ಮೂರ್ತಿ ಹೇಳುತ್ತಿದ್ದರು. ‘ಲರ್ನಬಿಲಿಟಿ’ ಎಂಬುದು ಅವರು ಚಲಾವಣೆಗೆ ತಂದ ಮಾತು. ಸಿವಿಲ್, ಮೆಕ್ಯಾನಿಕಲ್ ಓದಿದವರನ್ನೂ ಆರಿಸಿ ತರಬೇತಿ ಕೊಡುವುದು ಇದರಿಂದ ಸಾಧ್ಯವಾಯಿತು. 1955ರ ಅಮೆರಿಕದಲ್ಲಿ ಸಂಗೀತ ಶಿಕ್ಷಕರನ್ನು ಆರಿಸಿದ ತರ್ಕವೂ ಇದೇ ಆಗಿತ್ತೆಂಬುದು ಗಮನಾರ್ಹ. ಆಯ್ಕೆಯ ಸಾಧನವೂ ಅದೇ: ಗಣಿತದ ಮತ್ತು ತರ್ಕದ ಒಗಟುಗಳು.

ಆ ಒಗಟುಗಳು ಎಲ್ಲಿಂದ ಬರುತ್ತವೆ? 1990ರ ದಶಕದ ಕೊನೆಯಿಂದ ಮುಂದಿನ ಹತ್ತು ಹದಿನೈದು ವರ್ಷ ಎಂಜಿನಿಯರಿಂಗ್ ಓದಿದವರನ್ನು ಕೇಳಿದರೆ ಒಂದು ಹೆಸರು ಖಂಡಿತ ಬರುತ್ತದೆ, ಶಕುಂತಲಾದೇವಿ. 1976ರಲ್ಲಿ ಪ್ರಕಟವಾದ ಅವರ ‘ಪಜಲ್ಸ್ ಟು ಪಜಲ್ ಯು’ ಎಂಬ ಇಂಗ್ಲಿಷ್ ಪುಸ್ತಕ ಓದಿದರೆ ಇನ್ಫೊಸಿಸ್ ಪರೀಕ್ಷೆ ದಾಟಬಹುದೆಂಬ ನಂಬಿಕೆ ಹಾಸ್ಟೆಲಿನಿಂದ ಹಾಸ್ಟೆಲಿಗೆ ಹಬ್ಬಿತ್ತು. ಒಂದೇ ಪ್ರತಿಯನ್ನು ಇಡೀ ತರಗತಿ ಜೆರಾಕ್ಸ್ ಮಾಡಿಸಿಕೊಳ್ಳುತ್ತಿತ್ತು. ಅದರ ಪಕ್ಕದಲ್ಲಿ ಆರ್.ಎಸ್. ಅಗರ್‌ವಾಲ್ ಅವರ ದಪ್ಪ ಅಂಕಗಣಿತದ ಪುಸ್ತಕ.

ಶಕುಂತಲಾದೇವಿ ಹುಟ್ಟಿದ್ದು 1929ರಲ್ಲಿ, ಬೆಂಗಳೂರಿನಲ್ಲೇ. ತಂದೆ ಸರ್ಕಸ್‌ನಲ್ಲಿದ್ದವರು. 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಬಾಯಲ್ಲೇ ಗುಣಿಸಿ ಗಿನ್ನೆಸ್ ದಾಖಲೆಗೆ ಸೇರಿದರು. ಆದರೆ ಕ್ರಮಬದ್ಧ ಶಾಲಾ ಶಿಕ್ಷಣ ಅವರಿಗೆ ಸಿಕ್ಕಿರಲಿಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ ಮೂರರಲ್ಲೂ ಶೇಕಡಾ 60 ಇದ್ದವರು ಮಾತ್ರ ಪರೀಕ್ಷೆಗೆ ಕೂರಬೇಕೆಂಬುದು ಅನೇಕ ಕಂಪನಿಗಳ ನಿಯಮ. ಅವರ ಒಗಟುಗಳನ್ನು ಬಾಯಿಪಾಠ ಮಾಡಿದವರು ಒಳಗೆ ಹೋದರು. ಅವರೇ ಬಂದಿದ್ದರೆ ಬಾಗಿಲಲ್ಲೇ ನಿಲ್ಲಬೇಕಾಗುತ್ತಿತ್ತು.

ಈ ಶೇಕಡಾ 60ರ ಗೆರೆ ಹಳ್ಳಿಯ ಮಕ್ಕಳಿಗೆ ಅಪಾಯಕಾರಿಯಾದದ್ದು. ಹದಿನೈದನೇ ವಯಸ್ಸಿನಲ್ಲಿ, ಗಣಿತದ ಮೇಷ್ಟ್ರು ವರ್ಗವಾಗಿ ಹೋಗಿದ್ದ ವರ್ಷ, ಎಸ್ಸೆಸ್ಸೆಲ್ಸಿಯಲ್ಲಿ 58 ಬಂದಿದ್ದರೆ ಎಂಜಿನಿಯರಿಂಗಿನಲ್ಲಿ 80 ಬಂದರೂ ಪ್ರಯೋಜನವಿಲ್ಲ. ಗೆರೆ ದಾಟಿದವರಿಗೆ ಇಂಗ್ಲಿಷ್ ಕಾದಿರುತ್ತಿತ್ತು. ಆಪ್ಟಿಟ್ಯೂಡ್ ಪರೀಕ್ಷೆ, ಗುಂಪು ಚರ್ಚೆ, ತಾಂತ್ರಿಕ ಸುತ್ತು, ಕೊನೆಗೆ ಎಚ್.ಆರ್. ಎಂಬುದು ಕ್ಯಾಂಪಸ್ ಸಂದರ್ಶನದ ಸಾಮಾನ್ಯ ಕ್ರಮ. ಹಲವು ಕಾಲೇಜುಗಳ ಅಭ್ಯರ್ಥಿಗಳನ್ನು ಒಂದೆಡೆ ಸೇರಿಸುವ ‘ಪೂಲ್ ಕ್ಯಾಂಪಸ್’ ಇದ್ದರೆ ಹಾವೇರಿಯಿಂದ, ರಾಯಚೂರಿನಿಂದ ರಾತ್ರಿ ಬಸ್ಸು ಹಿಡಿದು ಬಂದು, ಬಸ್ ನಿಲ್ದಾಣದಲ್ಲೇ ಮುಖ ತೊಳೆದು, ಗೆಳೆಯನ ಟೈ ಕಟ್ಟಿಕೊಂಡು ಸಾಲಿನಲ್ಲಿ ನಿಲ್ಲಬೇಕಿತ್ತು. ಲೆಕ್ಕ ಬಿಡಿಸಿ ಮೊದಲ ಸುತ್ತು ದಾಟಿದವರೂ ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಎಂಬ ನಾಲ್ಕು ಪದಗಳ ಮುಂದೆ ಮೌನವಾಗುತ್ತಿದ್ದರು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಮನಸ್ಸಿನಲ್ಲಿ ಲೆಕ್ಕ ಮಾಡುವುದು ಕನ್ನಡದಲ್ಲಿ. ಯೋಚನೆಯನ್ನು ಜೋರಾಗಿ ಹೇಳಬೇಕೆಂಬ ನಿಯಮ ಅವರ ಪಾಲಿಗೆ ಎರಡು ಪರೀಕ್ಷೆಗಳನ್ನು ಒಟ್ಟಿಗೆ ಬರೆದಂತೆ.

ಆಯ್ಕೆಯಾದ ಮೇಲೂ ಪರೀಕ್ಷೆ ಮುಗಿಯುವುದಿಲ್ಲ. 2025ರ ಫೆಬ್ರುವರಿಯಲ್ಲಿ ಇನ್ಫೊಸಿಸ್ ತನ್ನ ಮೈಸೂರು ತರಬೇತಿ ಕೇಂದ್ರದಿಂದ ಮುನ್ನೂರಕ್ಕೂ ಹೆಚ್ಚು ತರಬೇತುದಾರ ಯುವಕ ಯುವತಿಯರನ್ನು ಹೊರಕಳಿಸಿತು. ಮೂರು ಅವಕಾಶ ಕೊಟ್ಟರೂ ಆಂತರಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ, ಇದು ಮೊದಲಿನಿಂದ ಇರುವ ನಿಯಮ ಎಂಬುದು ಕಂಪನಿಯ ವಿವರಣೆ. ನೌಕರರ ಸಂಘಟನೆಯೊಂದು ದೂರು ನೀಡಿತು. ಕೇಂದ್ರ ಕಾರ್ಮಿಕ ಸಚಿವಾಲಯ ಪರಿಶೀಲಿಸುವಂತೆ ರಾಜ್ಯಕ್ಕೆ ಸೂಚಿಸಿತು.

ನೋಡುತ್ತಿರುವವರು

ಕಂಪನಿಗಳ ಪರವಾಗಿಯೂ ಹೇಳಬೇಕಾದ್ದಿದೆ. ಪದವಿ ಪತ್ರವಿದ್ದೂ ಸರಳ ಪ್ರೋಗ್ರಾಂ ಬರೆಯಲಾಗದವರ ಸಂಖ್ಯೆ ಕಡಿಮೆಯಿಲ್ಲ ಎಂಬುದು ಸಂದರ್ಶಕರ ಹಳೆಯ ದೂರು. 2007ರಿಂದ ಜನಪ್ರಿಯವಾದ ‘ಫಿಜ್‌ಬಜ್’ ಎಂಬ ಪ್ರಶ್ನೆ ಇದಕ್ಕೆ ಸಾಕ್ಷಿ. ಒಂದರಿಂದ ನೂರರವರೆಗೆ ಎಣಿಸಬೇಕು. ಮೂರರಿಂದ ಭಾಗವಾದರೆ ಫಿಜ್, ಐದರಿಂದಾದರೆ ಬಜ್, ಎರಡರಿಂದಲೂ ಆದರೆ ಫಿಜ್‌ಬಜ್ ಎನ್ನಬೇಕು. ಇಂಗ್ಲಿಷ್ ಶಾಲಾ ಮಕ್ಕಳ ಆಟ. ಇದಕ್ಕೆ ಪ್ರೋಗ್ರಾಂ ಬರೆಯಲು ಐದು ನಿಮಿಷ ಸಾಕು. ಅದೂ ಆಗದವರನ್ನು ಮೊದಲೇ ತಿಳಿಯಬಾರದೇ ಎಂದರೆ ಉತ್ತರಿಸುವುದು ಕಷ್ಟ.

ಆದರೆ ಬರೆಯಲಾಗದ್ದು ಬಾರದ್ದರಿಂದಲೋ, ಹೆದರಿಕೆಯಿಂದಲೋ? ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಮೈಕ್ರೊಸಾಫ್ಟ್ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಕೆದಕಿತು. ಕಂಪ್ಯೂಟರ್ ವಿಜ್ಞಾನದ 48 ವಿದ್ಯಾರ್ಥಿಗಳಲ್ಲಿ ಒಂದು ಗುಂಪಿಗೆ ಸಂದರ್ಶಕರ ಎದುರು, ಯೋಚನೆ ಹೇಳುತ್ತ ಬಿಳಿ ಹಲಗೆಯಲ್ಲಿ ಸಮಸ್ಯೆ ಬಿಡಿಸಲು ತಿಳಿಸಲಾಯಿತು. ಇನ್ನೊಂದು ಗುಂಪಿಗೆ ಅದೇ ಸಮಸ್ಯೆ, ಅದೇ ಹಲಗೆ, ಆದರೆ ಕೋಣೆಯಲ್ಲಿ ಬೇರೆ ಯಾರೂ ಇಲ್ಲ. ನೋಡುವವರಿದ್ದಾಗ ಸಾಧನೆ ಸುಮಾರು ಅರ್ಧಕ್ಕಿಳಿಯಿತು. ಸಂದರ್ಶಕರ ಎದುರು ನಿಂತ ಹೆಣ್ಣುಮಕ್ಕಳಲ್ಲಿ ಒಬ್ಬರೂ ಸಮಸ್ಯೆ ಬಿಡಿಸಲಿಲ್ಲ. ಒಂಟಿಯಾಗಿದ್ದ ಹೆಣ್ಣುಮಕ್ಕಳಲ್ಲಿ ಎಲ್ಲರೂ ಬಿಡಿಸಿದರು. ಸಂಖ್ಯೆ ಚಿಕ್ಕದು, ಇದೊಂದರಿಂದಲೇ ತೀರ್ಮಾನಕ್ಕೆ ಬರಲಾಗದು. ಆದರೂ ಎಷ್ಟು ಮಂದಿ ಸಮರ್ಥರು ಕೇವಲ ಎದುರಿಗಿದ್ದವರ ಕಣ್ಣಿನಿಂದಾಗಿ ವಾಪಸು ಹೋಗಿರಬಹುದೆಂಬ ಪ್ರಶ್ನೆ ಉಳಿಯುತ್ತದೆ. ಕಂಪನಿಗಳು ತಾವು ಆರಿಸಿದವರ ಕೆಲಸವನ್ನು ಅಳೆಯಬಲ್ಲವು. ಬಿಟ್ಟವರು ಹೇಗೆ ಕೆಲಸ ಮಾಡುತ್ತಿದ್ದರೆಂಬುದು ಅವುಗಳ ಯಾವ ಕಡತದಲ್ಲೂ ಇಲ್ಲ.

2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಆಟದ ನಿಯಮಗಳೇ ಅಲುಗಾಡುತ್ತಿವೆ. ಸಂದರ್ಶನಗಳಲ್ಲಿ ಕೇಳುವ ಮಾದರಿ ಸಮಸ್ಯೆಗಳನ್ನು ಇಂಥ ಯಂತ್ರ ಕ್ಷಣಾರ್ಧದಲ್ಲಿ ಬಿಡಿಸಿ ಕೊಡುತ್ತದೆ. ಕ್ಯಾಮೆರಾಕ್ಕೆ ಕಾಣದಂತೆ ಪರದೆಯ ಮೂಲೆಯಲ್ಲಿ ಉತ್ತರ ಮೂಡಿಸುವ ತಂತ್ರಾಂಶಗಳೂ ಮಾರಾಟಕ್ಕಿವೆ. ಮನೆಯಿಂದ ಪರೀಕ್ಷೆ ಬರೆಯುವವರ ಕಣ್ಣು ಅತ್ತಿತ್ತ ಹರಿದರೂ ಅನುಮಾನಿಸುವ ಕಾಲ ಇದು. ಹಿಂದೆ ಕೂತ ಅಜ್ಜಿ ಮಾತಾಡಿದರೂ ಎಚ್ಚರಿಕೆ ಬರಬಹುದು.

ಕಂಪನಿಗಳ ಪ್ರತಿಕ್ರಿಯೆ ಒಂದೇ ಬಗೆಯದಲ್ಲ. ಕನಿಷ್ಠ ಒಂದು ಸುತ್ತನ್ನಾದರೂ ಅಭ್ಯರ್ಥಿಯನ್ನು ಎದುರಿಗೆ ಕೂರಿಸಿಕೊಂಡೇ ನಡೆಸುವುದಾಗಿ ಗೂಗಲ್ ಮುಖ್ಯಸ್ಥ ಸುಂದರ್ ಪಿಚೈ 2025ರಲ್ಲಿ ಹೇಳಿದರು. ಅದೇ ವರ್ಷ ಮೆಟಾ ಕಂಪನಿ ಯಂತ್ರದ ನೆರವನ್ನು ಅಭ್ಯರ್ಥಿಯ ಕೈಗೆ ತಾನೇ ಕೊಟ್ಟು ಸಂದರ್ಶನ ಮಾಡುವ ಪ್ರಯೋಗಕ್ಕೆ ತೊಡಗಿತು. ಎರಡೂ ಕಡೆ ಅರ್ಜಿ ಹಾಕಿದವರು ಒಂದು ಕಂಪನಿಗಾಗಿ ಯಂತ್ರವಿಲ್ಲದೆ, ಇನ್ನೊಂದಕ್ಕಾಗಿ ಯಂತ್ರದೊಂದಿಗೆ, ಅದೇ ಒಗಟುಗಳನ್ನು ಎರಡೆರಡು ಸಲ ಅಭ್ಯಾಸ ಮಾಡಬೇಕಾಗಿದೆ.